ಸೊರಬದ ಶಾಸನ ಶಿಕಾರಿಪುರಕ್ಕೆ ಸೇರದಿರಲು

ಬಿ. ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದಲ್ಲಿ ಶಿಕಾರಿಪುರ ತಾಲೂಕಿನ ಶಾಸನಗಳು 1902ರ ಏಳನೆಯ ಸಂಪುಟದಲ್ಲಿವೆ, ಸೊರಬದವು 1904ರ ಎಂಟನೆಯದರಲ್ಲಿ. ತಾಲೂಕಿನ ಹೆಸರು ಮತ್ತು ಕ್ರಮಸಂಖ್ಯೆ, ಶಾಸನದ ವಿಳಾಸವೆಂದರೆ ಇಷ್ಟೇ. ಕದಂಬರ ಮೂಲ ತಿಳಿಸುವ ತಾಳಗುಂದದ ಸ್ತಂಭಶಾಸನ ‘ಶಿಕಾರಿಪುರ 176’. ತಾಲೂಕು ತಪ್ಪಿದರೆ ವಿಳಾಸವೇ ತಪ್ಪಿದಂತೆ.

ಶಾಸನಗಳನ್ನು ಕಂಪ್ಯೂಟರಿಗೆ ಏರಿಸಲು ವಿದ್ವಾಂಸರು ಬಳಸುವ ಎಪಿಡಾಕ್ ಪದ್ಧತಿಗೆ ಎಕ್ಸ್‌ಎಂಎಲ್ ತಳಹದಿ. ಅಲ್ಲಿ ಪ್ರತಿ ಮಾಹಿತಿಗೂ ತೆರೆಯುವ ಟ್ಯಾಗ್ ಒಂದು, ಮುಚ್ಚುವ ಟ್ಯಾಗ್ ಒಂದು. ಈ ಎರಡು ಸಂಪುಟಗಳನ್ನು ಒಂದೇ ಕಡತವಾಗಿಸಿದೆವು ಎನ್ನಿ: ಜಿಲ್ಲೆಯೊಳಗೆ ತಾಲೂಕು, ತಾಲೂಕಿನೊಳಗೆ ಶಾಸನ.

ಇದನ್ನು ಜಾವಾ ಪ್ರೋಗ್ರಾಮಿನಲ್ಲಿ ಓದಲು ‘ಡಾಮ್’ ಎಂಬ ವಿಧಾನ ಬಳಸಿದರೆ ಇಡೀ ಕಡತ ಮೆಮೊರಿಗೆ ಬಂದು ಕೂರುತ್ತದೆ. 1998ರಲ್ಲಿ ಬಂದ ‘ಸ್ಯಾಕ್ಸ್’ ಹಾಗಲ್ಲ. ಅದು ಓದುತ್ತಾ ಹೋಗಿ, ಟ್ಯಾಗ್ ತೆರೆಯಿತು, ಅಕ್ಷರ ಬಂತು, ಟ್ಯಾಗ್ ಮುಚ್ಚಿತು ಎಂದು ಆಗಾಗಿನ ಸುದ್ದಿ ಮುಟ್ಟಿಸುತ್ತದೆ. ಮೆಮೊರಿ ಉಳಿಯುತ್ತದೆ ನಿಜ, ಆದರೆ ಹಿಂದಿನದನ್ನು ನೆನಪಿಡುವ ಹೊಣೆ ನಮ್ಮದಾಗುತ್ತದೆ. ‘ಹೆಸರು’ ಎಂಬ ಟ್ಯಾಗ್ ಬಂದರೆ ಅದು ತಾಲೂಕಿನ ಹೆಸರೋ ಶಾಸನದ್ದೋ ಸ್ಯಾಕ್ಸ್ ಹೇಳುವುದಿಲ್ಲ.

ಇಲ್ಲಿ ನೆರವಿಗೆ ಬರುವುದು ಸ್ಟ್ಯಾಕ್. ಕೈಬಳೆಯ ಹಾಗೆ, ಕೊನೆಗೆ ತೊಟ್ಟದ್ದನ್ನೇ ಮೊದಲು ಕಳಚಬೇಕು. ಜಿಲ್ಲೆ ತೆರೆದಾಗ ಜಿಲ್ಲೆಯ ಆಬ್ಜೆಕ್ಟ್ ಸೃಷ್ಟಿಸಿ ಸ್ಟ್ಯಾಕಿಗೆ ಏರಿಸಿ. ಅದರ ಮೇಲೆ ಶಿಕಾರಿಪುರ, ಅದರ ಮೇಲೆ ಶಾಸನ 176. ಈಗ ‘ಹೆಸರು’ ಬಂದರೆ ಅದು ಮೇಲ್ತುದಿಯಲ್ಲಿರುವ ಶಾಸನದ್ದೇ. ಶಾಸನದ ಟ್ಯಾಗ್ ಮುಚ್ಚಿದಾಗ ಅದನ್ನು ಇಳಿಸಿ, ಆಗ ಮೇಲೆ ಕಾಣುವ ಶಿಕಾರಿಪುರದ ಪಟ್ಟಿಗೆ ಸೇರಿಸಿ. ತಾಲೂಕು ಮುಚ್ಚಿದಾಗ ಅದನ್ನೂ ಇಳಿಸಿ ಜಿಲ್ಲೆಗೆ ಸೇರಿಸಿ, ಕೊನೆಗೆ ಜಿಲ್ಲೆಯನ್ನೂ ಇಳಿಸಿ. ಶಿಕಾರಿಪುರವನ್ನು ಇಳಿಸಲು ಮರೆತರೆ ಮುಂದೆ ತೆರೆಯುವ ಸೊರಬ ಅದರ ತಲೆಯ ಮೇಲೆ ಕೂರುತ್ತದೆ. ಸೊರಬ ಮುಚ್ಚಿದಾಗ ಅದರೊಳಗಿನ ಕುಪ್ಪಟೂರಿನ ಶಾಸನಗಳೆಲ್ಲ ಪಕ್ಕದ ತಾಲೂಕಿನ ಲೆಕ್ಕಕ್ಕೆ ಹೋಗುತ್ತವೆ.

‘ಈಗಿನ ತಾಲೂಕು’, ‘ಈಗಿನ ಶಾಸನ’ ಎಂದು ಒಂದೊಂದು ವೇರಿಯಬಲ್ ಇಟ್ಟುಕೊಂಡರೆ ಸಾಲದೇ? ಕಡತ ಸರಳವಾಗಿದ್ದರೆ ಸಾಕು. ಆದರೆ ಎಪಿಡಾಕ್‌ನಲ್ಲಿ ಭಾಗದೊಳಗೆ ಇನ್ನೊಂದು ಭಾಗ ಬರಬಹುದು, ಎರಡಕ್ಕೂ ಟ್ಯಾಗ್ ಒಂದೇ. ಒಳಗಿನದು ತೆರೆದ ಕೂಡಲೇ ವೇರಿಯಬಲ್‌ನಲ್ಲಿದ್ದ ಹೊರಗಿನದು ಅಳಿಸಿಹೋಗುತ್ತದೆ. ಸ್ಟ್ಯಾಕ್‌ನಲ್ಲಿ ಅದು ಕೆಳಗೆ ಹಾಗೇ ಉಳಿದಿರುತ್ತದೆ.

ಇನ್ನೊಂದು ಎಚ್ಚರ. ಸ್ಯಾಕ್ಸ್ ಅಕ್ಷರಗಳನ್ನು ತುಂಡು ತುಂಡಾಗಿ ಕೊಡಬಹುದು: ಮೊದಲು ‘ತಾಳ’, ಆಮೇಲೆ ‘ಗುಂದ’. ಬಂದದ್ದನ್ನು ಸ್ಟ್ರಿಂಗ್‌ಬಿಲ್ಡರ್‌ನಲ್ಲಿ ಕೂಡಿಸುತ್ತಾ ಹೋಗಿ, ಟ್ಯಾಗ್ ಮುಚ್ಚಿದ ಮೇಲೆಯೇ ಬಳಸಬೇಕು.

ಜಾವಾದಲ್ಲಿ ‘ಸ್ಟ್ಯಾಕ್’ ಎಂಬ ಹಳೆಯ ಕ್ಲಾಸೇ ಇದ್ದರೂ ಈಗ ಈ ಕೆಲಸಕ್ಕೆ ‘ಅರೇಡೆಕ್’ ಒಳ್ಳೆಯದು. ಕೆಲಸ ಸರಿಯಾಯಿತೇ ಎಂದು ತಿಳಿಯುವುದೂ ಸುಲಭ. ಮುಚ್ಚದ ಟ್ಯಾಗ್ ಕಂಡರೆ ಸ್ಯಾಕ್ಸ್ ತಾನೇ ದೋಷ ತೋರಿಸಿ ನಿಲ್ಲುತ್ತದೆ. ಹಾಗಾಗಿ ಕಡತ ಪೂರ್ತಿ ಓದಿಯಾದ ಮೇಲೂ ಸ್ಟ್ಯಾಕ್‌ನಲ್ಲಿ ಏನಾದರೂ ಉಳಿದಿದ್ದರೆ ತಪ್ಪು ಕಡತದ್ದಲ್ಲ, ನಮ್ಮ ಪ್ರೋಗ್ರಾಮಿನದು.