ಬಯಲುಸೀಮೆಯ ಉಪ್ಪುನೀರಿಗೆ ಪಾಚಿ ಬೇಕೇ?

ದಾವಣಗೆರೆಯಿಂದ ಪಡುವಣ ಕಡಲಿಗೆ ನೇರ ಗೆರೆ ಎಳೆದರೂ 150 ಕಿಲೋಮೀಟರಿಗೆ ಕಡಿಮೆಯಿಲ್ಲ. ಇಲ್ಲಿ ಕಡಲ ಮೀನು ಸಾಕಬೇಕೆಂದರೆ ಮೊದಲು ಕಡಲನ್ನೇ ಮಾಡಿಕೊಳ್ಳಬೇಕು. ಹರಿಹರದ ಬಳಿ ರಾಜನಹಳ್ಳಿಯಲ್ಲಿ ತುಂಗಭದ್ರೆಯಿಂದ ಎತ್ತಿದ್ದೋ, ಕುಂದುವಾಡ ಕೆರೆಯಲ್ಲಿ ತುಂಬಿಟ್ಟಿದ್ದೋ, ನಲ್ಲಿಯಲ್ಲಿ ಬಂದ ನೀರನ್ನು ಆರ್‌ಒ ಯಂತ್ರದಲ್ಲಿ ಸೋಸಿ, ಲೀಟರಿಗೆ 35 ಗ್ರಾಂ ಆಸುಪಾಸು ಕಡಲುಪ್ಪಿನ ಮಿಶ್ರಣ ಕದಡಿದರೆ ಕ್ಲೌನ್ ಮೀನು ಬದುಕುವ ನೀರು ಸಿದ್ಧ. ಇಷ್ಟು ಕಷ್ಟಪಟ್ಟು ಮಾಡಿದ ನೀರನ್ನು ಕೆಡದಂತೆ ಇಟ್ಟುಕೊಳ್ಳುವುದು ಹೇಗೆ ಎಂಬಲ್ಲಿ ಹವ್ಯಾಸಿಗಳು ಎರಡು ಪಂಗಡವಾಗುತ್ತಾರೆ. ವಾರಕ್ಕೊಮ್ಮೆ ಒಂದಿಷ್ಟು ನೀರು ಚೆಲ್ಲಿ ಹೊಸದು ಹಾಕಿದರಾಯಿತು ಎನ್ನುವವರು ಕೆಲವರು. ಟ್ಯಾಂಕಿನ ಕೆಳಗಿನ ಗಾಜಿನ ಪೆಟ್ಟಿಗೆಯಲ್ಲಿ ಒಂದು ಕೋಣೆ ಮಾಡಿ, ದೀಪ ಹಾಕಿ, ಕಡಲ ಪಾಚಿ ಬೆಳೆಸಿ ಎನ್ನುವವರು ಇನ್ನು ಕೆಲವರು. ಆ ಕೋಣೆಗೆ ರೆಫ್ಯೂಜಿಯಂ ಎಂದು ಹೆಸರು.

ಪಾಚಿಯ ಪರವಾದ ವಾದಕ್ಕೆ ಲೆಕ್ಕದ ಬಲವಿದೆ. ಮೀನಿಗೆ ಹಾಕಿದ ಮೇವು ಕೊನೆಗೆ ನೈಟ್ರೇಟ್ ಮತ್ತು ಫಾಸ್ಫೇಟ್ ಆಗಿ ನೀರಲ್ಲಿ ಉಳಿಯುತ್ತದೆ. ವಾರಕ್ಕೆ 5 ಪಿಪಿಎಂ ನೈಟ್ರೇಟ್ ಸೇರುವ ಟ್ಯಾಂಕಿನಲ್ಲಿ ವಾರವಾರ ನೂರಕ್ಕೆ 10ರಷ್ಟು ನೀರು ಬದಲಿಸಿದರೆ, ಹೋಗುವುದು ಇರುವುದರ ಹತ್ತನೇ ಒಂದು ಪಾಲು ಮಾತ್ರ. ತಿಂಗಳುಗಟ್ಟಲೆ ಹೀಗೇ ಮಾಡುತ್ತ ಹೋದರೆ ನೈಟ್ರೇಟ್ 50ರ ಹತ್ತಿರ ಹೋಗಿ ನಿಲ್ಲುತ್ತದೆ, ಇಳಿಯುವುದಿಲ್ಲ. ಬೆಳೆಯುವ ಪಾಚಿ ಹಾಗಲ್ಲ; ಅದು ದಿನವೂ ಸಾರಜನಕವನ್ನೂ ರಂಜಕವನ್ನೂ ಹೀರಿ ತನ್ನ ಮೈಗೆ ಸೇರಿಸಿಕೊಳ್ಳುತ್ತದೆ. ರಾತ್ರಿ ಮೇಲಿನ ಟ್ಯಾಂಕಿನ ದೀಪ ಆರಿದ ಹೊತ್ತಿಗೆ ಕೆಳಗಿನ ದೀಪ ಹೊತ್ತಿಸಿದರೆ ಇಂಗಾಲದ ಡೈಆಕ್ಸೈಡನ್ನು ಬಳಸಿಕೊಂಡು ಪಿಎಚ್ ಕುಸಿಯದಂತೆ ನೋಡಿಕೊಳ್ಳುತ್ತದೆ. ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ವಾಲ್ಟರ್ ಏಡಿ 1980ರ ದಶಕದಲ್ಲೇ ಪಾಚಿಯಿಂದ ಹವಳದ ಟ್ಯಾಂಕುಗಳ ನೀರು ಶುದ್ಧ ಮಾಡಿ ತೋರಿಸಿದ್ದರು.

ಉಪ್ಪಿನ ಲೆಕ್ಕವನ್ನು ನಮ್ಮ ಕಡೆಯವರು ಮೊದಲು ಮಾಡಬೇಕು. 200 ಲೀಟರಿನ ಟ್ಯಾಂಕಿನಿಂದ ವಾರಕ್ಕೆ 20 ಲೀಟರ್ ಚೆಲ್ಲಿದರೆ ಅದರ ಜೊತೆ 700 ಗ್ರಾಂ ಉಪ್ಪು ಹೋಗುತ್ತದೆ. ವರ್ಷಕ್ಕೆ 36 ಕಿಲೋ ದಾಟುತ್ತದೆ. ಕರಾವಳಿಯಲ್ಲಾದರೆ ಅದು ಕಡಲಿನದು ಕಡಲಿಗೇ ಹೋದಂತೆ. ಇಲ್ಲಿ ಅದು ಚರಂಡಿಗೆ, ಚರಂಡಿಯಿಂದ ಹಳ್ಳಕ್ಕೆ, ಭತ್ತದ ಗದ್ದೆಗಳ ಆಸುಪಾಸಿಗೆ ಹೋಗುತ್ತದೆ. ತುಂಗಭದ್ರೆಯ ಕೆಳ ಅಚ್ಚುಕಟ್ಟಿನಲ್ಲಿ ಚೌಳಾದ ಭೂಮಿಯನ್ನು ಸರಿಪಡಿಸಲು ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ವರ್ಷಗಳಿಂದ ಹೆಣಗುತ್ತಿದೆ. ಒಂದು ಮನೆಯ ಬಕೆಟ್ಟಿನಿಂದ ನೆಲ ಚೌಳಾಗುವುದಿಲ್ಲ, ನಿಜ. ಆದರೆ ಉಪ್ಪು ಕರಗಿ ಮಾಯವಾಗುವ ವಸ್ತುವೂ ಅಲ್ಲ. ಪಾಚಿಯಿಂದ ನೀರು ಬದಲಿಸುವುದು ಅರ್ಧಕ್ಕಿಳಿದರೂ ವರ್ಷಕ್ಕೆ 18 ಕಿಲೋ ಉಪ್ಪು ಉಳಿಯಿತು. ಅದನ್ನು ಕೊಳ್ಳುವ ದುಡ್ಡೂ ಉಳಿಯಿತು. ಆರ್‌ಒ ಯಂತ್ರ ಒಂದು ಲೀಟರ್ ಶುದ್ಧ ನೀರಿಗೆ ಎರಡು ಮೂರು ಲೀಟರ್ ಹೊರಗೆ ಬಿಡುತ್ತದೆ. ಬೇಸಿಗೆಯಲ್ಲಿ ನಲ್ಲಿಯ ನೀರಿಗೆ ಕಾಯುವ ಓಣಿಗಳಲ್ಲಿ ಅದೂ ಸಣ್ಣ ಮಾತಲ್ಲ.

ಇನ್ನೊಂದು ಕಡೆಯವರ ಮಾತನ್ನೂ ಕೇಳಬೇಕು, ಅವರದೂ ಗಟ್ಟಿ ವಾದವೇ. ಮೊದಲನೆಯದಾಗಿ, ಇಷ್ಟು ಶುದ್ಧ ನೀರು ಯಾರಿಗೆ ಬೇಕು? ನೈಟ್ರೇಟ್ ಒಂದಂಕಿಯಲ್ಲಿ ಇರಬೇಕೆಂದು ಹಟ ಹಿಡಿಯುವುದು ಗಟ್ಟಿ ಹವಳಗಳು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿ ಅವು ಇರುವುದರಿಂದ ನಮ್ಮ ದೇಶದ ಮನೆಗಳಲ್ಲಿ ಅವನ್ನು ಇಡುವಂತಿಲ್ಲ. ಮೀನು ಮಾತ್ರ ಇರುವ ಟ್ಯಾಂಕಿನಲ್ಲಿ ನೈಟ್ರೇಟ್ 30-40 ಇದ್ದರೂ ಕ್ಲೌನ್, ಡ್ಯಾಮ್ಸೆಲ್ ಮೀನುಗಳು ತಾಳಿಕೊಳ್ಳುತ್ತವೆ. ಹಾಗಿರುವಾಗ ಇನ್ನೊಂದು ಪೆಟ್ಟಿಗೆ, ಇನ್ನೊಂದು ದೀಪ, ಇನ್ನೊಂದು ಪಂಪ್ ಏಕೆ?

ಎರಡನೆಯದು ಸೆಕೆ ಮತ್ತು ಕರೆಂಟು. ಏಪ್ರಿಲ್‌ನಲ್ಲಿ ದಾವಣಗೆರೆಯ ಮನೆಗಳೊಳಗೆ ಚಿಲ್ಲರ್ ಇಲ್ಲದ ಟ್ಯಾಂಕಿನ ನೀರು 30 ಡಿಗ್ರಿ ಮುಟ್ಟುವುದು ಸುಲಭ. ಪಾಚಿಯ ದೀಪ ಅದಕ್ಕೆ ಇನ್ನಷ್ಟು ಬಿಸಿ ಸೇರಿಸುತ್ತದೆ. ಕರೆಂಟು ಹೋದರೆ ಪಂಪು ನಿಂತು, ಕೆಳಗಿನ ಪೆಟ್ಟಿಗೆಯ ನೀರು ನಿಂತಲ್ಲೇ ನಿಲ್ಲುತ್ತದೆ. ಕತ್ತಲಲ್ಲಿ ಪಾಚಿ ಆಮ್ಲಜನಕ ಕೊಡುವುದಿಲ್ಲ, ತಾನೇ ಉಸಿರಾಡಿ ಖಾಲಿ ಮಾಡುತ್ತದೆ. ಒಂದೆರಡು ಗಂಟೆ ಪರವಾಗಿಲ್ಲ. ರಾತ್ರಿಯೆಲ್ಲ ಹೋದರೆ ಪಾಚಿ ಉಂಡೆಯ ಒಳಭಾಗ ಬಿಳಿಚಿ ಕೊಳೆಯತೊಡಗುತ್ತದೆ, ಅಷ್ಟು ದಿನ ಹೀರಿದ್ದೆಲ್ಲ ನೀರಿಗೇ ವಾಪಸ್ಸು. ಕೌಲರ್ಪ ಜಾತಿಯ ಪಾಚಿಯಾದರೆ ಅದಕ್ಕೂ ಕಾರಣ ಬೇಕಿಲ್ಲ. ಅದು ಸಂತಾನಕ್ಕೆ ತೊಡಗಿದ ರಾತ್ರಿ ತನ್ನ ಮೈಯ ಸಾರವನ್ನೆಲ್ಲ ಲಿಂಗಾಣುಗಳಾಗಿ ಹೊರಚೆಲ್ಲಿ, ಬೆಳಗಾಗುವಷ್ಟರಲ್ಲಿ ನೀರು ಹಸಿರು ಗಂಜಿಯಂತಾಗಿ, ಪಾಚಿ ಗಾಜಿನ ಹಾಗೆ ಬಣ್ಣಗೆಟ್ಟಿರುತ್ತದೆ.

ಕೌಲರ್ಪದ ಮೇಲೆ ಇದಕ್ಕಿಂತ ದೊಡ್ಡ ಆರೋಪವೊಂದಿದೆ. ಅಕ್ವೇರಿಯಂಗಳಲ್ಲಿ ಬೆಳೆಸುತ್ತಿದ್ದ ಕೌಲರ್ಪ ಟ್ಯಾಕ್ಸಿಫೋಲಿಯ 1984ರಲ್ಲಿ ಮೊನಾಕೊದ ಕಡಲಲ್ಲಿ ಕಾಣಿಸಿಕೊಂಡು, ಮುಂದೆ ಮೆಡಿಟರೇನಿಯನ್ ತಳದಲ್ಲಿ ಊರೂರಿಗೆ ಹಬ್ಬಿತು. 2000ದಲ್ಲಿ ಕ್ಯಾಲಿಫೋರ್ನಿಯದ ಅಳಿವೆಯೊಂದರಲ್ಲಿ ಸಿಕ್ಕಾಗ ಟಾರ್ಪಾಲು ಹೊದಿಸಿ ಕ್ಲೋರಿನ್ ಬಿಟ್ಟು ಕೊಲ್ಲಬೇಕಾಯಿತು. ಪೂರ್ತಿ ನಿರ್ಮೂಲವಾಯಿತೆಂದು ಹೇಳಲು 2006ರವರೆಗೆ ಕಾಯಬೇಕಾಯಿತು. ಆದರೆ ಈ ಆರೋಪ ದಾವಣಗೆರೆ, ಹರಿಹರಗಳ ಮಟ್ಟಿಗೆ ನಿಲ್ಲುವುದಿಲ್ಲ. ಕಡಲ ಪಾಚಿ ತುಂಗಭದ್ರೆಯ ಸಿಹಿನೀರಿಗೆ ಬಿದ್ದರೆ ಸಾಯುತ್ತದೆ. ಇದೇ ಪಾಚಿಯನ್ನು ಕಾರವಾರದಲ್ಲೋ ಮಂಗಳೂರಿನಲ್ಲೋ ಸಾಕುವವರು ಹೆದರಲೇಬೇಕು. ಆ ಮಟ್ಟಿಗೆ ನಾವು ದೂರದಲ್ಲಿರುವುದೇ ಒಳ್ಳೆಯದಾಯಿತು.

ಕಾರವಾರ, ಗೋಕರ್ಣಕ್ಕೆ ಹೋದಾಗ ಬಂಡೆಯ ಮೇಲಿನ ಪಾಚಿ ಕಿತ್ತು ತರುವ ಆಸೆ ಕೆಲವರಿಗಿರುತ್ತದೆ. ಅದು ಬೇಡ. ಅಲ್ಲಿನ ಬಂಡೆಗಳಲ್ಲಿ ಕುಂಚದಂತೆ ನೆಟ್ಟಗೆ ನಿಲ್ಲುವ ಕೀಟೊಮಾರ್ಫ ಇದೆ, ಆದರೆ ಅದು ಅಲೆಯ ಹೊಡೆತಕ್ಕೇ ಬೆಳೆದದ್ದು, ಬಂಡೆ ಬಿಟ್ಟರೆ ಬಾಳುವುದು ಕಷ್ಟ. ಟ್ಯಾಂಕಿಗೆ ಬೇಕಾದ್ದು ಬೇರಿಲ್ಲದೆ ಸಿಕ್ಕುಗಟ್ಟಿದ ನೂಲಿನ ಉಂಡೆಯಂತೆ ತೇಲುವ ಅದರ ಸೋದರ ಜಾತಿ, ಹವ್ಯಾಸಿಗಳ ಬಾಯಲ್ಲಿ ಕೀಟೊ. ಅದು ಕೌಲರ್ಪದ ಹಾಗೆ ಬಂಡೆಗೆ ಬೇರೂರಿ ಹಬ್ಬುವುದಿಲ್ಲ, ಒಂದೇ ರಾತ್ರಿ ಕರಗಿಹೋಗುವುದು ತೀರ ಅಪರೂಪ. ಒಳ್ಳೆಯ ಕೀಟೊ ಎಳೆ ಕೈಗೆ ಗರಿಗರಿ ಎನಿಸಬೇಕು. ಮೆತ್ತಗೆ ಜಾರುವಂತಿದ್ದರೆ ಅದಕ್ಕೆ ಬೆಳಕು ಸಾಲದು ಅಥವಾ ಹೊಟ್ಟೆಗೆ ಸಾಲದು ಎಂದು ತಿಳಿಯಬೇಕು. ನೀರಿನ ಸೆಳೆತಕ್ಕೆ ಉಂಡೆ ಮೆಲ್ಲಗೆ ಉರುಳುತ್ತಿದ್ದರೆ ಎಲ್ಲ ಮಗ್ಗುಲಿಗೂ ಬೆಳಕು ಸಿಗುತ್ತದೆ.

ಇಷ್ಟೆಲ್ಲ ಮಾಡಿದವರೂ ಸೋಲುವುದು ಕತ್ತರಿ ಹಿಡಿಯಲು ಮನಸ್ಸು ಬಾರದೆ. ಪಾಚಿ ಬೆಳೆದ ಮಾತ್ರಕ್ಕೆ ನೀರು ಶುದ್ಧವಾಗದು. ಬೆಳೆದ ಪಾಚಿಯನ್ನು ಹೊರಗೆ ತೆಗೆದರೆ ಮಾತ್ರ ಕೊಳೆ ಹೊರಗೆ ಹೋದಂತೆ. ಎರಡು ವಾರಕ್ಕೊಮ್ಮೆ ಉಂಡೆಯನ್ನೆತ್ತಿ, ಟ್ಯಾಂಕಿನದೇ ನೀರು ತುಂಬಿದ ಬಕೆಟ್ಟಿನಲ್ಲಿ ಚೆನ್ನಾಗಿ ಜಾಲಾಡಬೇಕು. ಎಳೆಗಳ ನಡುವೆ ಅಡಗಿದ್ದ ಎಳ್ಳುಕಾಳಿಗಿಂತ ಚಿಕ್ಕ ಕೋಪೆಪಾಡ್‌ಗಳು, ಬೆನ್ನು ಬಾಗಿದ ಆಂಫಿಪಾಡ್‌ಗಳು ಬಕೆಟ್ಟಿಗೆ ಉದುರುತ್ತವೆ. ಅವನ್ನು ಹಿಂದಕ್ಕೆ ಸುರಿದರೆ ಮೇಲಿನ ಮೀನುಗಳಿಗೆ ಜೀವಂತ ಮೇವು. ಮ್ಯಾಂಡರಿನ್‌ನಂಥ ಮೀನು ಬದುಕುವುದೇ ಇವುಗಳ ಮೇಲೆ. ಆಮೇಲೆ ಉಂಡೆಯ ಮೂರನೇ ಒಂದು ಪಾಲು ಕತ್ತರಿಸಿ ತೆಗೆಯಬೇಕು.

ಎರಡೂ ಕಡೆ ತೂಗಿ ನೋಡಿದರೆ ನನಗೆ ಹೀಗನಿಸುತ್ತದೆ: 100 ಲೀಟರಿನೊಳಗಿನ ಟ್ಯಾಂಕು, ಒಂದೆರಡು ಕ್ಲೌನ್ ಮೀನು ಇರುವ ಮನೆಗೆ ರೆಫ್ಯೂಜಿಯಂ ಬೇಡ. ವಾರಕ್ಕೆ ಹತ್ತು ಲೀಟರ್ ಬದಲಿಸಿ, ಮೇವನ್ನು ಅಳೆದು ಹಾಕಿದರೆ ಸಾಕು. 200 ಲೀಟರ್ ದಾಟಿ, ಹೊಟ್ಟೆಬಾಕ ಮೀನುಗಳಿದ್ದು, ಇನ್ವರ್ಟರ್‌ಗೆ ಪಂಪನ್ನೂ ಸೇರಿಸಲು ಆಗುವವರು ಕೀಟೊ ಬೆಳೆಸಲಿ. ನಮ್ಮ ನೆಲದ ಉಪ್ಪಿನ ಲೆಕ್ಕವೊಂದೇ ನನ್ನನ್ನು ಆ ಕಡೆಗೆ ವಾಲಿಸುತ್ತದೆ. ಕೌಲರ್ಪವನ್ನು ಯಾರು ಪುಕ್ಕಟೆ ಕೊಟ್ಟರೂ ತರುವುದು ಬೇಡ.

ಕತ್ತರಿಸಿದ ಪಾಚಿಯನ್ನು ಸಿಹಿನೀರಿನಲ್ಲಿ ಎರಡು ಮೂರು ಸಲ ತೊಳೆದು ಉಪ್ಪು ಬಿಡಿಸಿದರೆ ಗೊಬ್ಬರದ ಗುಂಡಿಗೆ ಸೇರಿಸಬಹುದು. ತಿಂಗಳಿಗೊಮ್ಮೆ ನೈಟ್ರೇಟ್ ಪರೀಕ್ಷೆ ಮಾಡುತ್ತಿರಬೇಕು. ಅದು ಸೊನ್ನೆಗೆ ಇಳಿದರೆ ಪಾಚಿಯೇ ಹಸಿದು ಬಿಳಿಚುತ್ತದೆ. 5ಕ್ಕಿಂತ ಕೆಳಗೆ ಹೋಗುತ್ತಿದೆ ಎಂದು ಕಂಡಾಗಲೇ ದೀಪ ಉರಿಸುವ ಹೊತ್ತನ್ನು ಹನ್ನೆರಡು ಗಂಟೆಯಿಂದ ಎಂಟಕ್ಕೆ ಇಳಿಸುವುದು ಒಳ್ಳೆಯದು.