ಎರಡೆರಡು ನಾಲ್ಕು... ಹೊತ್ತು ಹೋದದ್ದೇ ಗೊತ್ತಾಗಲ್ಲ!

ಬನಶಂಕರಿಯಲ್ಲಿ ಮೆಟ್ರೋ ಹತ್ತಿ, ಸೀಟು ಸಿಕ್ಕಿದರೆ ಸುಮ್ಮನೆ ಒಮ್ಮೆ ಅಕ್ಕಪಕ್ಕ ಕಣ್ಣಾಡಿಸಿ. ಜಯನಗರ ದಾಟುವಷ್ಟರಲ್ಲಿ ಒಬ್ಬರಾದರೂ ಕಾಣ್ತಾರೆ. ಅವರ ಹೆಬ್ಬೆರಳು ಮೊಬೈಲ್ ಪರದೆಯ ಮೇಲೆ ಎಡಕ್ಕೆ, ಬಲಕ್ಕೆ, ಮೇಲಕ್ಕೆ, ಕೆಳಕ್ಕೆ ಸರಿಯುತ್ತಲೇ ಇರುತ್ತೆ. ಹಾಡಿಲ್ಲ, ಗುಂಡಿನ ಸದ್ದಿಲ್ಲ, ಓಡುವ ಗೊಂಬೆಗಳಿಲ್ಲ. ಬರೀ ಬಣ್ಣದ ಚೌಕಗಳು, ಅದರೊಳಗೆ 2, 4, 8, 16... ಕಾಲೇಜು ಹುಡುಗಿ, ಆಫೀಸಿಗೆ ಹೊರಟ ಅಮ್ಮ, ರಿಟೈರ್ ಆದ ಟೀಚರು, ಎಲ್ಲರೂ ಈ ಅಂಕಿ ಆಟಕ್ಕೆ ಮರುಳಾದವರೇ.

ಮನೆಗೆ ಬಂದರೆ ಇದೇ ಆಟ ಮಾತಿಗೆ ಮಾತು ಬೆಳೆಯಲು ಕಾರಣ. ‘ಕುಕ್ಕರ್ ಮೂರು ಸಲ ಕೂಗಿದ್ರೂ ನಿಂಗೆ ಕೇಳಿಸ್ಲಿಲ್ವೇನಮ್ಮಾ?’ ಅಂತ ಅತ್ತೆ. ‘ಮಕ್ಕಳಿಗೆ ಮೊಬೈಲ್ ಬೇಡ ಅಂತೀಯ, ನೀನೇ ಹಿಡ್ಕೊಂಡು ಕೂತಿದೀಯಲ್ಲ’ ಅಂತ ಗಂಡ. ‘ಇದು ಗೇಮ್ ಅಲ್ಲ ಕಣ್ರೀ, ಲೆಕ್ಕ. ತಲೆಗೆ ಒಳ್ಳೇದು’ ಅಂತ ಸೊಸೆಯ ಸಮರ್ಥನೆ. ಯಾರು ಹೇಳೋದು ಸರಿ?

ಆಟ ಆಡೋದರಲ್ಲಿ ತಪ್ಪೇನೂ ಇಲ್ಲ ಅನ್ನೋದು ನನ್ನ ಅಭಿಪ್ರಾಯ. ಆದರೆ ಅದರಿಂದ ಏನು ಸಿಗುತ್ತೆ, ಏನು ಸಿಗಲ್ಲ ಅಂತ ತಿಳಿದು ಆಡಬೇಕು. ಸೊಸೆ ಕೊಟ್ಟ ಆ ‘ತಲೆಗೆ ಒಳ್ಳೇದು’ ಅನ್ನೋ ಕಾರಣದ ಬಗ್ಗೆಯೂ ಸ್ವಲ್ಪ ಯೋಚಿಸಬೇಕು.

ಏನಿದು ಆಟ?

ಗೊತ್ತಿಲ್ಲದವರಿಗಾಗಿ ಎರಡು ಮಾತು. ‘2048’ ಅನ್ನೋ ಈ ಆಟದಲ್ಲಿ ಅಡ್ಡಕ್ಕೆ ನಾಲ್ಕು, ಉದ್ದಕ್ಕೆ ನಾಲ್ಕು, ಒಟ್ಟು 16 ಮನೆ. ಬೆರಳನ್ನು ಒಂದು ಕಡೆ ಸರಿಸಿದರೆ ಎಲ್ಲ ಸಂಖ್ಯೆಗಳೂ ಆ ಕಡೆಗೆ ಜರುಗುತ್ತವೆ. ಒಂದೇ ಥರದ ಎರಡು ಸಂಖ್ಯೆ ಎದುರಾದರೆ ಸೇರಿ ಒಂದಾಗುತ್ತವೆ. ಎರಡು ಎರಡು ನಾಲ್ಕು, ನಾಲ್ಕು ನಾಲ್ಕು ಎಂಟು, ಹೀಗೆ. ಪ್ರತಿ ಸಲವೂ ಖಾಲಿ ಮನೆಯೊಂದರಲ್ಲಿ ಹೊಸದಾಗಿ 2 ಅಥವಾ 4 ಬಂದು ಕೂರುತ್ತೆ. ಮನೆಗಳೆಲ್ಲ ತುಂಬಿ, ಸೇರಿಸೋಕೆ ಏನೂ ಉಳಿಯದಿದ್ದರೆ ಆಟ ಮುಗೀತು. ಅಷ್ಟರೊಳಗೆ 2048 ಮುಟ್ಟಬೇಕು.

ಇದನ್ನು ಮಾಡಿದ್ದು ಇಟಲಿಯ ಗೇಬ್ರಿಯೆಲೆ ಚಿರುಲ್ಲಿ, 2014ರ ಮಾರ್ಚ್‌ನಲ್ಲಿ. ಆಗ ಅವನಿಗೆ ಬರೀ 19 ವರ್ಷ. ಒಂದು ವಾರಾಂತ್ಯದಲ್ಲಿ ಬರೆದು ಮುಗಿಸಿ, ದುಡ್ಡು ಕೇಳದೆ ಎಲ್ಲರಿಗೂ ಬಿಟ್ಟುಕೊಟ್ಟ. ಅದಕ್ಕೆ ಒಂದು ತಿಂಗಳು ಮುಂಚೆ ‘ಥ್ರೀಸ್’ ಅನ್ನೋ ಇಂಥದ್ದೇ ಆಟ ಬಂದಿತ್ತು. ಅದನ್ನು ಮಾಡಿದವರು ಒಂದು ವರ್ಷಕ್ಕೂ ಹೆಚ್ಚು ಕಾಲ ತಿದ್ದಿ ತೀಡಿದ್ದರು. ಇವೆರಡಕ್ಕೂ ದೊಡ್ಡಕ್ಕ ಅಂದರೆ ನಮ್ಮ ಸುಡೊಕು. 1979ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ಹುಟ್ಟಿ, 1984ರಲ್ಲಿ ಜಪಾನಿಗೆ ಹೋಗಿ ಅಲ್ಲಿ ಹೆಸರು ಪಡೆದು, 2004ರಲ್ಲಿ ಲಂಡನ್ನಿನ ‘ಟೈಮ್ಸ್’ ಪತ್ರಿಕೆ ಸೇರಿದ ಮೇಲೆ ಜಗತ್ತಿಗೆಲ್ಲ ಹಬ್ಬಿತು.

ಯಾಕಿಷ್ಟು ಹಿಡಿಸುತ್ತೆ?

ಮೊದಲನೆಯದು, ಇದಕ್ಕೆ ಭಾಷೆ ಬೇಡ. ಅಂಕಿ ಗೊತ್ತಿದ್ದರೆ ಸಾಕು, ಅಜ್ಜಿಯೂ ಆಡಬಹುದು, ಎರಡನೇ ಕ್ಲಾಸಿನ ಮೊಮ್ಮಗಳೂ ಆಡಬಹುದು.

ಎರಡನೆಯದು, ಈ ಆಟ ಕಾಯುತ್ತೆ. ಇದರಲ್ಲಿ ಗಡಿಯಾರವಿಲ್ಲ. ಹಾಲು ಉಕ್ಕಿತು ಅಂತ ಎದ್ದು ಹೋಗಿ, ಗ್ಯಾಸ್ ಆರಿಸಿ, ಬಾಗಿಲು ತಟ್ಟಿದ ಕೊರಿಯರ್‌ನವನಿಗೆ ಸಹಿ ಹಾಕಿ ಬನ್ನಿ, ಎಲ್ಲಿ ಬಿಟ್ಟಿದ್ದಿರೋ ಅಲ್ಲೇ ಇರುತ್ತೆ. ಸಿನಿಮಾ ನೋಡೋಕೆ ಎರಡೂವರೆ ಗಂಟೆ ಬೇಕು. ಕಾದಂಬರಿ ಓದೋಕೆ ಮನಸ್ಸು ಒಂದು ಕಡೆ ನಿಲ್ಲಬೇಕು. ಹೆಂಗಸರ ಕೈಗೆ ಸಿಗೋದು ಐದು ನಿಮಿಷ, ಏಳು ನಿಮಿಷದ ಚೂರುಗಳು. ಆ ಚೂರಿಗೆ ಸರಿಯಾಗಿ ಅಳತೆ ತೆಗೆದು ಹೊಲಿದ ಹಾಗಿದೆ ಈ ಆಟ.

ಮೂರನೆಯದು ಇನ್ನೂ ಮುಖ್ಯ. ಮನೆಗೆಲಸ ಮುಗಿಯೋದೇ ಇಲ್ಲ. ತೊಳೆದ ಪಾತ್ರೆ ಮಧ್ಯಾಹ್ನಕ್ಕೆ ಮತ್ತೆ ಸಿಂಕಿನಲ್ಲಿ, ಮಡಿಸಿಟ್ಟ ಬಟ್ಟೆ ನಾಳೆ ಮತ್ತೆ ಬಕೆಟ್ಟಿನಲ್ಲಿ. ಈ ಆಟದಲ್ಲಿ ಒಮ್ಮೆ ಸೇರಿಸಿದ್ದು ಸೇರಿಕೊಂಡೇ ಇರುತ್ತೆ, ಯಾರೂ ಬಂದು ಕೆದರೋದಿಲ್ಲ. ಚುಕ್ಕಿ ರಂಗೋಲಿಯಲ್ಲಿ ಕೊನೆಯ ಎಳೆ ಬಂದು ಸರಿಯಾಗಿ ಕೂಡಿಕೊಂಡಾಗ ಆಗುತ್ತಲ್ಲ, ಅದೇ ಸಮಾಧಾನ.

ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆ ನೋಡಿದರೆ ಇದರ ಹಿಂದಿನ ಕಥೆ ಗೊತ್ತಾಗುತ್ತೆ. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಅದಕ್ಕೆ ಕೊಡ್ತಾರೆ. ಅದೇ ಕೆಲಸಕ್ಕೆ ಕೈಹಾಕುವ ಗಂಡಸರು ಕೊಡೋದು 88 ನಿಮಿಷ. ಮಕ್ಕಳನ್ನು, ಹಿರಿಯರನ್ನು ನೋಡಿಕೊಳ್ಳೋ ಲೆಕ್ಕ ಇದರಲ್ಲಿ ಸೇರಿಲ್ಲ, ಅದು ಬೇರೆ! ಹೀಗಿರುವಾಗ ಹತ್ತು ನಿಮಿಷದ ಆಟಕ್ಕೆ ಇಷ್ಟು ಎಳೆತ ಇರೋದು ಆಶ್ಚರ್ಯವಲ್ಲ.

1024ರ ಮೋಸ

ಇನ್ನು ಮಿತಿಗೆ ಬರೋಣ. ಆ ಹತ್ತು ನಿಮಿಷ ಮುಕ್ಕಾಲು ಗಂಟೆ ಆಗೋದು ಹೇಗೆ? ಉತ್ತರ ಲೆಕ್ಕದಲ್ಲೇ ಇದೆ.

ಹೊಸದಾಗಿ ಬರೋ ಅಂಕಿ ಹತ್ತರಲ್ಲಿ ಒಂಬತ್ತು ಸಲ 2, ಒಂದು ಸಲ 4. ಅಂದರೆ ಒಂದು ಸಲ ಬೆರಳು ಸರಿಸಿದರೆ ಸರಾಸರಿ 2.2 ಜಮೆ. 2048 ಕೂಡಿಸಬೇಕಾದರೆ ಸುಮಾರು 930 ಸಲ ಸರಿಸಬೇಕು. ಒಂದಕ್ಕೆ ಎರಡು ಸೆಕೆಂಡ್ ಅಂದರೂ ಅರ್ಧ ಗಂಟೆ ಆಯಿತು. ನಡುವೆ ಸೋತರೆ ಮೊದಲಿಂದ!

ಇದರಲ್ಲೊಂದು ಸೂಕ್ಷ್ಮ ಇದೆ. 1024 ಬಂದಾಗ ‘ಇನ್ನೊಂದೇ ಮೆಟ್ಟಿಲು’ ಅಂತ ಮನಸ್ಸು ಕುಣಿಯುತ್ತೆ. ನಿಜಕ್ಕೂ ಆಗಿರೋದು ಅರ್ಧ ದಾರಿ. ಆ ಒಂದು ಮೆಟ್ಟಿಲಿಗೆ ಅಲ್ಲಿಯವರೆಗೆ ಹತ್ತಿದಷ್ಟೇ ಮತ್ತೆ ಹತ್ತಬೇಕು. 2048 ಬಂದ ಮೇಲಾದರೂ ಬಿಡುತ್ತಾ? ‘ಗೆದ್ದಿರಿ, ಮುಂದುವರಿಸ್ತೀರಾ?’ ಅಂತ ಕೇಳುತ್ತೆ. ಮುಂದಿನದು 4096, ಅದಕ್ಕೆ ಮತ್ತೆ ಅಷ್ಟೇ ಹೊತ್ತು. ಚದುರಂಗದ ಮೊದಲ ಮನೆಗೆ ಒಂದು ಅಕ್ಕಿಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು ಅಂತ ಕೇಳಿದ ಜಾಣನ ಕಥೆ ನೀವು ಕೇಳಿರ್ತೀರಿ. ಆ ಕಥೆಯಲ್ಲಿ ರಾಜನ ಕಣಜ ಬರಿದಾಯಿತು. ಇಲ್ಲಿ ಬರಿದಾಗೋದು ನಿಮ್ಮ ನಿದ್ದೆ.

ಬಿಟಿಎಂ ಲೇಔಟಿನ ಪಿಜಿಗಳಲ್ಲಿರೋ ಹುಡುಗಿಯರಿಗೆ ಈ ಮಾತು ವಿಶೇಷವಾಗಿ. ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿ ರೂಮು ಸೇರೋದೇ ಒಂಬತ್ತಕ್ಕೆ. ಮಂಚದ ಮೇಲೆ ಉರುಳಿಕೊಂಡು ‘ಒಂದೇ ಒಂದು ಆಟ’ ಅಂತ ಶುರು ಮಾಡಿದರೆ ಒಂದು ಗಂಟೆ ರಾತ್ರಿ. ಬೆಳಿಗ್ಗೆ ಕಣ್ಣುರಿ, ತಲೆಭಾರ. ಆಟ ವಿರಾಮ ಕೊಟ್ಟಿತೋ, ಇದ್ದ ವಿರಾಮ ಕಿತ್ತುಕೊಂಡಿತೋ? ನೀವೇ ಲೆಕ್ಕ ಹಾಕಿ.

ತಲೆ ಚುರುಕಾಗುತ್ತಾ?

‘ಆಡ್ತಾ ಇದ್ರೆ ಮರೆವು ಬರಲ್ಲ’ ಅನ್ನೋ ನಂಬಿಕೆ ಬಹಳ ಜನಕ್ಕಿದೆ. 2010ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ದೊಡ್ಡ ಅಧ್ಯಯನ ಬಂತು. 11,430 ಜನ ಆರು ವಾರ ಕಂಪ್ಯೂಟರಿನಲ್ಲಿ ಮೆದುಳಿನ ಕಸರತ್ತು ಮಾಡಿದ್ದರು. ಆಡಿದ ಆಟದಲ್ಲಿ ಎಲ್ಲರೂ ಪಳಗಿದರು. ಅದನ್ನು ಬಿಟ್ಟು ಬೇರೆ ಪರೀಕ್ಷೆ ಕೊಟ್ಟಾಗ ಬುದ್ಧಿ ಹೆಚ್ಚಿದ್ದು ಕಾಣಲಿಲ್ಲ. 2016ರಲ್ಲಿ ಅಮೆರಿಕದ ‘ಲ್ಯುಮಾಸಿಟಿ’ ಆಟಗಳ ಕಂಪನಿ, ಆಧಾರವಿಲ್ಲದೆ ಜಾಹೀರಾತು ಕೊಟ್ಟ ಆರೋಪದ ಮೇಲೆ 20 ಲಕ್ಷ ಡಾಲರ್ ಕಟ್ಟಿ ಪ್ರಕರಣ ಮುಗಿಸಿಕೊಂಡಿತು. 2048 ಚೆನ್ನಾಗಿ ಆಡೋರು 2048 ಚೆನ್ನಾಗಿ ಆಡ್ತಾರೆ, ಅಷ್ಟು ಹೇಳಬಹುದು. ಗ್ಯಾಸ್ ಆಫ್ ಮಾಡಿದೆನಾ ಅನ್ನೋ ನೆನಪಿಗೆ ಅದು ಗ್ಯಾರಂಟಿ ಕೊಡಲ್ಲ.

ನಮ್ಮ ಬೆಂಗಳೂರಿನಲ್ಲೇ 1929ರಲ್ಲಿ ಹುಟ್ಟಿದ ಶಕುಂತಲಾ ದೇವಿಯವರನ್ನು ನೆನೆಯಿರಿ. 1980ರಲ್ಲಿ ಲಂಡನ್ನಿನಲ್ಲಿ 13 ಅಂಕಿಯ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿ ಹೇಳಿದಾಕೆ. ಜನಸಾಮಾನ್ಯರಿಗೆ ಒಗಟಿನ ಪುಸ್ತಕಗಳನ್ನೂ ಬರೆದರು. ಅಂಕಿಗಳ ಜೊತೆ ಖುಷಿಯಾಗಿ ಆಡಬಹುದು ಅನ್ನೋದನ್ನು ಅವರಿಂದ ಕಲಿಯೋಣ. ಖುಷಿಯನ್ನು ಔಷಧಿ ಅಂತ ಕರೆಯೋದು ಬೇಡ.

ಇಲ್ಲಿ ಒಂದು ಮಾತು ಹೇಳಲೇಬೇಕು. ಜಯನಗರ, ಜೆ.ಪಿ. ನಗರದ ಎಷ್ಟೋ ಮನೆಗಳಲ್ಲಿ ಮಕ್ಕಳು ಹೊರದೇಶದಲ್ಲಿ, ಅಪ್ಪ ಅಮ್ಮ ಇಬ್ಬರೇ, ಇಲ್ಲಾ ಅಮ್ಮ ಒಬ್ಬರೇ. ‘ಅಮ್ಮನಿಗೆ ಒಳ್ಳೇ ಟ್ಯಾಬ್ ಕೊಡಿಸಿದೀನಿ, ಸುಡೊಕು ಹಾಕ್ಕೊಟ್ಟಿದೀನಿ, ಮೈಂಡ್ ಆಕ್ಟಿವ್ ಆಗಿರುತ್ತೆ’ ಅಂತ ಮಕ್ಕಳಿಗೆ ನೆಮ್ಮದಿ. ಡಿಮೆನ್ಶಿಯಾ ಬಗ್ಗೆ 2024ರಲ್ಲಿ ಬಂದ ಲ್ಯಾನ್ಸೆಟ್ ಆಯೋಗದ ವರದಿ, ನಾವು ತಿದ್ದಿಕೊಳ್ಳಬಹುದಾದ 14 ಅಪಾಯಗಳನ್ನು ಪಟ್ಟಿ ಮಾಡಿದೆ. ಕಿವಿ ಮಂದವಾಗೋದು, ಕಣ್ಣು ಮಂಜಾಗೋದು, ಬಿಪಿ, ಸಕ್ಕರೆ ಕಾಯಿಲೆ, ಓಡಾಟ ಇಲ್ಲದಿರೋದು ಅದರಲ್ಲಿವೆ. ಒಂಟಿತನವೂ ಇದೆ! ಅಮ್ಮನ ಕಿವಿ ಪರೀಕ್ಷೆ ಮಾಡಿಸಿ, ಬೆಳಿಗ್ಗೆ ಪಾರ್ಕಿಗೆ ಜೊತೆ ಹುಡುಕಿಕೊಡಿ, ದಿನಾ ಫೋನ್ ಮಾಡಿ. ಆಮೇಲೆ ಸುಡೊಕು ಇರಲಿ.

ನಮ್ಮ ಅಜ್ಜಿಯರ ಅಳಗುಳಿ ಮಣೆಯೂ ಲೆಕ್ಕದ ಆಟವೇ. ಹದಿನಾಲ್ಕು ಗುಳಿ, ಹಿಡಿ ತುಂಬ ಹುಣಸೆಬೀಜ. ಎಲ್ಲಿಂದ ಎತ್ತಿದರೆ ಎಲ್ಲಿ ಮುಗಿಯುತ್ತೆ ಅಂತ ಕಣ್ಣಲ್ಲೇ ಎಣಿಸಬೇಕಿತ್ತು. ಆದರೆ ಮಣೆಯ ಆಚೆ ಬದಿ ಇನ್ನೊಬ್ಬಳು ಕೂರ್ತಿದ್ದಳು. ಬೀಜ ಬಿತ್ತುತ್ತಾ ಮಗಳ ಮದುವೆ, ನಾದಿನಿಯ ಬಾಣಂತನ, ಮೊಣಕಾಲು ನೋವು ಎಲ್ಲ ಮಾತಾಗ್ತಿತ್ತು. ಮೊಬೈಲಿನ ಅಂಕಿ ಆಟದಲ್ಲಿ ಎದುರಿಗೆ ಕೂರೋರು ಯಾರೂ ಇಲ್ಲ. ಕೆಲವು ದಿನ ನಮಗೆ ಬೇಕಾಗಿರೋದೂ ಅದೇ, ಯಾರೂ ಇಲ್ಲದ ಹತ್ತು ನಿಮಿಷ. ಪ್ರತಿ ದಿನವೂ ಅಷ್ಟೇ ಆಗಿಬಿಟ್ಟರೆ?

ವಿರಾಮಕ್ಕೆ ನೆಪ ಯಾಕೆ?

ಈಗ ಸೊಸೆಯ ಸಮರ್ಥನೆಗೆ ಬರ್ತೀನಿ. ಭಾನುವಾರ ಮೂರು ಗಂಟೆ ಕ್ರಿಕೆಟ್ ನೋಡೋ ಗಂಡ, ‘ಇದು ತಲೆಗೆ ಒಳ್ಳೇದು’ ಅಂತ ಯಾವತ್ತಾದರೂ ಹೇಳಿದ್ದುಂಟಾ? ಇಲ್ಲ. ಅವನಿಗೆ ನೋಡಬೇಕು ಅನಿಸಿತು, ನೋಡಿದ. ಹೆಂಡತಿ ಮಾತ್ರ ಹತ್ತು ನಿಮಿಷದ ಆಟಕ್ಕೂ ಪ್ರಯೋಜನದ ಚೀಟಿ ಅಂಟಿಸಬೇಕು. ಕೆಲವರಂತೂ ಬಾತ್‌ರೂಮಿನ ಚಿಲಕ ಹಾಕಿಕೊಂಡು ಆಡ್ತಾರೆ!

‘ನಂಗೆ ಸುಸ್ತಾಗಿದೆ, ಅರ್ಧ ಗಂಟೆ ಯಾರೂ ಕರೀಬೇಡಿ’ ಅಂತ ಬಾಯಿಬಿಟ್ಟು ಹೇಳೋ ಹಾಗಿದ್ದರೆ ಕದ್ದು ಆಡೋ ಪ್ರಮೇಯವೇ ಬರಲ್ಲ. ಆ ಅರ್ಧ ಗಂಟೆಯಲ್ಲಿ ಆಟ ಆಡಿ, ಮಲಗಿ, ಟೆರೇಸಿನ ಮೇಲೆ ಸುಮ್ಮನೆ ನಿಂತುಕೊಳ್ಳಿ, ನಿಮ್ಮಿಷ್ಟ. ದಿನಕ್ಕೆ ನಿಮ್ಮದು ಅಂತ ಇರೋ ಹೊತ್ತು ಆ ಪರದೆ ಒಂದೇ ಆಗಿದ್ದರೆ, ಆಟ ಅಳಿಸಿ ಹಾಕಿದರೆ ಏನೂ ಸರಿಹೋಗಲ್ಲ. ಮನೆಗೆಲಸದ ಹಂಚಿಕೆ ಬಗ್ಗೆ ಗಂಡನ ಜೊತೆ ಕೂತು ಮಾತಾಡಿ. ಕುಕ್ಕರ್ ಕೂಗಿದ್ದು ಮನೆಯಲ್ಲಿರೋ ಎಲ್ಲರ ಕಿವಿಗೂ ಬಿದ್ದಿರುತ್ತೆ ಅಲ್ವಾ?

ಹೀಗೆ ಮಾಡಿ ನೋಡಿ

* ಅಂಕ ನೋಡಿ ನಿಲ್ಲಿಸ್ತೀನಿ ಅನ್ನಬೇಡಿ. 20 ನಿಮಿಷಕ್ಕೆ ಅಲಾರಂ ಇಟ್ಟುಕೊಳ್ಳಿ. ಆಟ ಎಲ್ಲಿಗೂ ಹೋಗಲ್ಲ, ನಾಳೆಯೂ ಅಲ್ಲೇ ಇರುತ್ತೆ.

* 1024 ಬಂದಾಗ ‘ಅರ್ಧ ಆಯ್ತು’ ಅಂದುಕೊಳ್ಳಿ, ‘ಆಗೇ ಹೋಯ್ತು’ ಅಂತಲ್ಲ.

* ರಾತ್ರಿ ಮೊಬೈಲನ್ನು ಮಲಗೋ ಕೋಣೆಯ ಹೊರಗೇ ಚಾರ್ಜಿಗೆ ಹಾಕಿ. ಆಡಲೇಬೇಕು ಅನಿಸಿದರೆ ಪತ್ರಿಕೆಯ ಸುಡೊಕು ಇದೆ. ಅದಕ್ಕೆ ಒಂದೇ ಉತ್ತರ, ಅದು ಸಿಕ್ಕರೆ ಮುಗೀತು.

* ಒಂದೇ ಹೆಸರಿನ ನಕಲಿ ಆಟಗಳು ಬೇಕಾದಷ್ಟಿವೆ. ಫೋನ್ ನಂಬರುಗಳ ಪಟ್ಟಿ, ನೀವಿರೋ ಜಾಗ ಎಲ್ಲ ಕೇಳಿದರೆ ಅನುಮತಿ ಕೊಡಬೇಡಿ. ದುಡ್ಡು ಕಟ್ಟಿ ಗೆಲ್ಲಿ ಅಂದರೆ ಮುಟ್ಟಲೇಬೇಡಿ. ಅಂಥ ಆನ್‌ಲೈನ್ ಆಟಗಳನ್ನು ನಿಷೇಧಿಸೋ ಕಾಯ್ದೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟಿದೆ.

* ಮಕ್ಕಳಿಗೆ ಹಾಕಿದ ನಿಯಮ ದೊಡ್ಡವರಿಗೂ ಇರಲಿ. ಊಟದ ಹೊತ್ತಿಗೆ ಯಾರ ಕೈಯಲ್ಲೂ ಮೊಬೈಲ್ ಬೇಡ. ಒಂದೊಂದು ದಿನ ಮಗುವನ್ನು ಪಕ್ಕ ಕೂರಿಸಿಕೊಂಡು ‘64 ಎರಡು ಸೇರಿದ್ರೆ ಎಷ್ಟು ಪುಟ್ಟಾ?’ ಅಂತ ಕೇಳಿ ಆಡಿ.

* ಹೆಬ್ಬೆರಳ ಬುಡ, ಕತ್ತು ನೋಯ್ತಾ ಇದ್ದರೆ ಕೆಲವು ದಿನ ಬಿಡಿ. ನೋವು ಇಳಿಯದಿದ್ದರೆ ಡಾಕ್ಟರಿಗೆ ತೋರಿಸಿ.

ಬಹಳ ಜನಕ್ಕೆ ಇಷ್ಟು ಸಾಕು. ಆದರೆ ನಿಲ್ಲಿಸಬೇಕು ಅಂದರೂ ನಿಲ್ಲಿಸೋಕೆ ಆಗ್ತಿಲ್ಲ, ಉಳಿದ ಕೆಲಸಕ್ಕಿಂತ ಆಟವೇ ಮುಂದಾಗಿದೆ, ತೊಂದರೆ ಆಗ್ತಿರೋದು ಗೊತ್ತಿದ್ದೂ ಬಿಡೋಕಾಗ್ತಿಲ್ಲ ಅಂತಿದ್ದರೆ ಅಲಕ್ಷ್ಯ ಮಾಡಬೇಡಿ. ಸಾಮಾನ್ಯವಾಗಿ ವರ್ಷವಿಡೀ ಹೀಗೇ ನಡೆದರೆ ಅದನ್ನು ಕಾಯಿಲೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿಕೊಂಡಿತು, 2022ರಿಂದ ಅದು ಜಾರಿಯಲ್ಲಿದೆ. ಸಹಾಯ ದೂರದಲ್ಲೂ ಇಲ್ಲ. ಹೊಸೂರು ರಸ್ತೆಯ ನಿಮ್ಹಾನ್ಸ್, ಮೊಬೈಲ್ ಮತ್ತು ಇಂಟರ್ನೆಟ್ ಗೀಳಿಗೆಂದೇ 2014ರಲ್ಲಿ ‘ಶಟ್’ ಕ್ಲಿನಿಕ್ ಶುರು ಮಾಡಿತು. 2048 ಹುಟ್ಟಿದ್ದೂ ಅದೇ ವರ್ಷ! ಅಲ್ಲಿಗೆ ಹೋಗೋಕೆ ಸಂಕೋಚ ಬೇಡ, ಬೆನ್ನುನೋವಿಗೆ ಡಾಕ್ಟರ ಹತ್ತಿರ ಹೋಗಲ್ವಾ, ಹಾಗೇ.

ಉಳಿದವರು ನಿಶ್ಚಿಂತೆಯಿಂದ ಆಡಿ. ತಲೆಗೆ ಒಳ್ಳೇದು ಅಂತ ಯಾರಿಗೂ ಹೇಳಬೇಕಾಗಿಲ್ಲ, ‘ನಂಗಿಷ್ಟ’ ಅಂದರೆ ಸಾಕು. ಅಲಾರಂ ಹೊಡೆದಾಗ ಮಾತ್ರ ಎದ್ದುಬಿಡಿ.