ಮುಪ್ಪನ್ನು ಅಡವಿಡುವ ಲೆಕ್ಕ

“ಆಳುಗಳಿಗೇ ಪಿಎಫ್ ಬೇಡ. ಹಿಡಿಯೋದನ್ನ ಕೈಗೇ ಕೊಟ್ಟುಬಿಡಿ ಅಂತಾರೆ.” ಮೂಡಿಗೆರೆ, ಕಳಸದ ಕಡೆ ತೋಟದ ಕೂಲಿಯ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಇದನ್ನು ಹೇಳಿಯೇ ಹೇಳುತ್ತಾರೆ. ಅದರ ಬೆನ್ನಿಗೇ ಇನ್ನೊಂದು ಬರುತ್ತದೆ: ಮೈತುಂಬ ಸಾಲ ಇರುವವರಿಗೆ ಮುಪ್ಪಿನ ಉಳಿತಾಯ ಯಾಕೆ, ಮೊದಲು ಸಾಲ ತೀರಿಸಿಕೊಳ್ಳಲಿ. ಕೇಳಲು ವ್ಯವಹಾರ ಬಲ್ಲವರ ಮಾತಿನಂತಿದೆ, ಸ್ವಲ್ಪ ಕರುಣೆಯೂ ಇದ್ದಂತಿದೆ. ಆದರೆ ಕಾಫಿ ಸೀಮೆಯಲ್ಲಿ ಇಷ್ಟು ಅನುಕೂಲದ ಅರ್ಧಸತ್ಯ ಇನ್ನೊಂದಿಲ್ಲ ಎಂದು ನನ್ನ ವಾದ. ಅನುಕೂಲ ಯಾರಿಗೆ ಎನ್ನುವುದು ಪ್ರಶ್ನೆ.

ಲೆಕ್ಕದಿಂದಲೇ ಶುರುಮಾಡೋಣ. ದಿನಗೂಲಿ 500 ರೂಪಾಯಿ, ತಿಂಗಳಿಗೆ 24 ಹಾಜರಿ ಎಂದಿಟ್ಟುಕೊಳ್ಳಿ. ಬಟವಾಡೆ 12,000. ನೂರಕ್ಕೆ 12ರಂತೆ ಅದರಲ್ಲಿ 1,440 ರೂಪಾಯಿ ಪಿಎಫ್‌ಗೆ ಹೋಗುತ್ತದೆ. ಮಾಲೀಕರೂ ಅಷ್ಟೇ ಹಾಕಬೇಕು. ಅವರ ಪಾಲಿನಲ್ಲಿ ಸುಮಾರು 1,000 ರೂಪಾಯಿ ಪಿಂಚಣಿ ನಿಧಿಗೆ ಸೇರುತ್ತದೆ, ಉಳಿದ 440 ಕಾರ್ಮಿಕರ ಖಾತೆಗೆ. ಅದೇ ಮನೆಯಲ್ಲಿ ಶೇ. 24ರ ಬಡ್ಡಿಗೆ ತಂದ 50,000 ರೂಪಾಯಿ ಮೈಕ್ರೋಫೈನಾನ್ಸ್ ಸಾಲ ಇದೆ ಎನ್ನಿ. ಎರಡು ವರ್ಷದ ಅವಧಿಗೆ ಕಂತು ತಿಂಗಳಿಗೆ ಸುಮಾರು 2,640. ಪಿಎಫ್‌ಗೆ 2024-25ರಲ್ಲಿ ಸಿಕ್ಕ ಬಡ್ಡಿ ಶೇ. 8.25. ಎಂಟರ ಬಡ್ಡಿಗೆ ದುಡ್ಡಿಟ್ಟು ಇಪ್ಪತ್ನಾಲ್ಕರ ಬಡ್ಡಿ ಕಟ್ಟುವುದು ದಡ್ಡತನವಲ್ಲವೇ ಎಂದು ಕೇಳುವವರು ಲೆಕ್ಕವನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಆ ಲೆಕ್ಕದಲ್ಲಿ ಮಾಲೀಕರ 1,440 ಮಾಯವಾಗಿರುತ್ತದೆ. ಪಿಎಫ್ ಬಿಟ್ಟು ಒಂದು ತಿಂಗಳ 1,440ನ್ನು ಸಾಲಕ್ಕೆ ಕಟ್ಟಿದರೆ ವರ್ಷದಲ್ಲಿ ಉಳಿಯುವ ಬಡ್ಡಿ 345 ರೂಪಾಯಿ. ಕಳೆದುಕೊಳ್ಳುವುದು ಮಾಲೀಕರ ಇಡೀ 1,440.

ಪಿಂಚಣಿ ನಿಧಿಯ ದುಡ್ಡು ಇಡಿಯಾಗಿ ಕೈಗೆ ಬರುವುದಿಲ್ಲವಲ್ಲ ಎನ್ನಬಹುದು. ನಿಜ. ಆದರೆ ಹತ್ತು ವರ್ಷ ಸೇವೆ ತುಂಬಿದವರಿಗೆ 58ಕ್ಕೆ ತಿಂಗಳ ಪಿಂಚಣಿ ಶುರುವಾಗುತ್ತದೆ. ಹದಿನೈದು ವರ್ಷದ ಸೇವೆಗೆ, ಕೊನೆಯ ಐದು ವರ್ಷದ ಸರಾಸರಿ ಕೂಲಿ 12,000 ಆಗಿದ್ದರೆ, ತಿಂಗಳಿಗೆ 2,571 ರೂಪಾಯಿ. ಸತ್ತ ಮೇಲೆ ಅದರ ಅರ್ಧ ಗಂಡನಿಗೋ ಹೆಂಡತಿಗೋ. ದೊಡ್ಡ ಮೊತ್ತವಲ್ಲ. ಕನಿಷ್ಠ ಪಿಂಚಣಿ 2014ರಿಂದ 1,000ದಲ್ಲೇ ನಿಂತಿರುವುದು ನಾಚಿಕೆಗೇಡು. ಆದರೂ ಎಪ್ಪತ್ತರ ವಯಸ್ಸಿನಲ್ಲಿ ಮಗನ ಮುಂದೆ ಕೈಚಾಚದೆ ಅಕ್ಕಿ, ಮಾತ್ರೆ ತರುವ ದುಡ್ಡು ಅದು. ಇನ್ನು ಕೈಸಾಲ ತಿಂಗಳಿಗೆ ನೂರಕ್ಕೆ ಐದರ ಬಡ್ಡಿಯದಾದರೆ ಎರಡು ವರ್ಷದೊಳಗೇ ಲೆಕ್ಕ ತಿರುಗಿಬೀಳುತ್ತದೆ, ಒಪ್ಪುತ್ತೇನೆ. ಆಗ ಮಾಡಬೇಕಾದ್ದು ಆ ಸಾಲವನ್ನು ಬ್ಯಾಂಕಿನ ಅಥವಾ ಸಹಕಾರ ಸಂಘದ ಸಾಲಕ್ಕೆ ಬದಲಾಯಿಸುವುದು, ಮುಪ್ಪನ್ನು ಮಾರುವುದಲ್ಲ.

“ಬೇಡ ಅಂತಾರೆ” ಎಂಬ ಮಾತಿಗೆ ಕಾನೂನಿನಲ್ಲಿ ಜಾಗವೇ ಇಲ್ಲ. ಇಪ್ಪತ್ತು ಅಥವಾ ಹೆಚ್ಚು ಜನ ದುಡಿಯುವ ತೋಟದಲ್ಲಿ, ತಿಂಗಳಿಗೆ 15,000 ದಾಟದ ಕೂಲಿಯವರಿಗೆ ಪಿಎಫ್ ಕಡ್ಡಾಯ. ಮೇಸ್ತ್ರಿಯ ಮೂಲಕ ಬಂದ ಗುತ್ತಿಗೆಯವರಿಗೂ ಅಷ್ಟೇ, ಹೊಣೆ ತೋಟದವರದು. ಹೀಗಿರುವಾಗ ಇಪ್ಪತ್ತೈದು ಜನ “ಬೇಡ” ಎಂದರೆ ಮಾಲೀಕರಿಗೆ ತಿಂಗಳಿಗೆ ಉಳಿಯುವುದು 36,000 ರೂಪಾಯಿ. ಬೇರೆ ಯಾವ ವಿಷಯದಲ್ಲಿ ಆಳುಗಳ ಇಷ್ಟಕ್ಕೆ ನಾವು ಇಷ್ಟು ಬೆಲೆ ಕೊಟ್ಟಿದ್ದೇವೆ? ಕೂಲಿ ಎಷ್ಟಿರಬೇಕು ಎಂದು ಅವರನ್ನು ಕೇಳಿದ್ದೇವೆಯೇ?

ಇದನ್ನು ಓದುತ್ತಿರುವ ವಿದ್ಯಾರ್ಥಿಗಳಿಗೆ ನಾಳೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕರೆ ಆಫರ್ ಲೆಟರ್‌ನಲ್ಲಿ ಸಿಟಿಸಿ ಎಂಬ ಅಂಕಿ ಇರುತ್ತದೆ. ಅದರೊಳಗೆ ಸಾಮಾನ್ಯವಾಗಿ ಕಂಪನಿಯ ಪಿಎಫ್ ಪಾಲೂ ಸೇರಿರುತ್ತದೆ. ಅಂದರೆ ಕಂಪನಿಯೇ ಅದನ್ನು ನಿಮ್ಮ ಸಂಬಳ ಎಂದು ಎಣಿಸುತ್ತದೆ. ಬೆಂಗಳೂರಿನಲ್ಲಿ ಸಂಬಳವಾದದ್ದು ಘಟ್ಟ ಹತ್ತಿದೊಡನೆ ಸಾಹುಕಾರರ ಉಪಕಾರ ಆಗುವುದು ಹೇಗೆ?

ತೋಟದ ಮುಪ್ಪು ಪೇಟೆಯ ಮುಪ್ಪಿನಂತಲ್ಲ. ಲೈನ್ ಮನೆ ಇರುವುದು ಕೆಲಸ ಇರುವವರೆಗೆ. ಮಂಡಿ ಸೋತು ಇಳಿಜಾರು ಹತ್ತಲಾಗದ ದಿನ ಕೂಲಿಯ ಜೊತೆ ಸೂರೂ ಹೋಗುತ್ತದೆ. ನಮಗೆ ಪಿಎಫ್ ಎಂದರೆ ನಿವೃತ್ತಿಯ ನೆಮ್ಮದಿ, ಲೈನಿನವರಿಗೆ ಸೈಟಿಗೋ ಹೆಂಚಿಗೋ ಒದಗಬಹುದಾದ ಒಂದೇ ಇಡಿಗಂಟು. ಅದನ್ನು ಕಂತಿಗೆ ಸುರಿ ಎನ್ನುವುದು ಮನೆಯ ತೊಲೆ ಕಿತ್ತು ಒಲೆಗಿಡು ಎಂದಂತೆ.

ಬೆಳೆಗಾರರೂ ಸಾಲದಲ್ಲಿದ್ದಾರೆ ಎಂಬ ಉತ್ತರ ನನಗೆ ಗೊತ್ತು. ಅದು ಸುಳ್ಳಲ್ಲ. ಬೆಲೆ ಕುಸಿದು ಸಾಲ ಬೆಟ್ಟವಾದ ವರ್ಷಗಳನ್ನು ಈ ಸೀಮೆ ಕಂಡಿದೆ. ಆಗ ಬೆಲೆ, ಮಳೆ, ಕಾಯಿಕೊರಕ, ಬ್ಯಾಂಕು ಎಲ್ಲವೂ ಚರ್ಚೆಯಾದವು. 2010ರಲ್ಲಿ ಕೇಂದ್ರ ಸರ್ಕಾರ ಸಣ್ಣ ಕಾಫಿ ಬೆಳೆಗಾರರಿಗೆ ಸಾಲ ಪರಿಹಾರದ ಪ್ಯಾಕೇಜನ್ನೂ ಕೊಟ್ಟಿತು, ಕೊಡಬೇಕಾದ್ದೇ. ಆಗ ಬೆಳೆಗಾರರಿಗೆ ಯಾರೂ ಉಳಿತಾಯದ ಪಾಠ ಹೇಳಲಿಲ್ಲ. ಬೆಳೆಗಾರರ ಸಾಲಕ್ಕೆ ಕಾರಣ ಮಾರುಕಟ್ಟೆ, ಕಾರ್ಮಿಕರ ಸಾಲಕ್ಕೆ ಕಾರಣ ಅವರ ಸ್ವಭಾವ! ಈ ತಾರತಮ್ಯಕ್ಕೇ ನನ್ನ ತಕರಾರು.

ಸಾಲದ ಆಕಾರವನ್ನೇ ನೋಡಿ. ಬೆಳೆಸಾಲ ತೀರಿಸಲು ಕೊಯ್ಲಿನವರೆಗೆ ಗಡುವಿರುತ್ತದೆ. ಕೂಲಿಯವರಿಗೂ ಕೈತುಂಬ ಕೆಲಸ ಕೊಯ್ಲಿನಲ್ಲೇ. ಜೂನ್, ಜುಲೈಯ ಜಡಿಮಳೆಯಲ್ಲಿ ಹಾಜರಿ ಬೀಳುವುದು ಕಡಿಮೆ. ಆದರೆ ಸಂಘದ ಕಂತಿಗೆ ಮಳೆಗಾಲ ಗೊತ್ತಿಲ್ಲ. ಒಂದು ಕಂತು ಕಟ್ಟಲು ಇನ್ನೊಂದು ಸಂಘ, ಅದಕ್ಕೆ ಮತ್ತೊಂದು. ಮನೆಯ ಎಲ್ಲ ಸಾಲದ ಕಂತೂ ಸೇರಿ ತಿಂಗಳ ಆದಾಯದ ಅರ್ಧ ಮೀರಕೂಡದೆಂದು ರಿಸರ್ವ್ ಬ್ಯಾಂಕ್ 2022ರಲ್ಲಿ ನಿಯಮ ಮಾಡಿದೆ. ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ಮಳೆಗಾಲದ ಆದಾಯಕ್ಕೆ ತಕ್ಕ ಕಂತಿನ ಮಾತು ಮಾತ್ರ ಇನ್ನೂ ಯಾರ ಬಾಯಲ್ಲೂ ಇಲ್ಲ.

ಸಾಹಿತ್ಯದ ಓದುಗರಿಗೆ ಮೂಡಿಗೆರೆ ಎಂದರೆ ತೇಜಸ್ವಿ, ‘ಕರ್ವಾಲೊ’. ಕಾಡನ್ನು ಅಂಗೈಯಂತೆ ಬಲ್ಲ ಮಂದಣ್ಣ ಜವಾನನ ಕೆಲಸಕ್ಕೆ ಆಸೆಪಡುವುದನ್ನು ಓದಿ ನಾವು ನಕ್ಕಿದ್ದೇವೆ. ಹಾರುವ ಓತಿಯ ಬಗ್ಗೆ ಎಷ್ಟೊಂದು ಸೆಮಿನಾರುಗಳಲ್ಲಿ ಮಾತಾಡಿದ್ದೇವೆ. ತಿಂಗಳ ಸಂಬಳದ ಮೇಲಿನ ಆ ಆಸೆ ಮಾತ್ರ ನಮಗೆ ಹಾಸ್ಯವಾಗಿಯೇ ಉಳಿಯಿತು. ಮುಪ್ಪಿಗೊಂದು ಆಧಾರ ಬೇಕೆನ್ನುವುದು ಸಣ್ಣ ಆಸೆ ಎಂದು ತಿಳಿಯಲು ನಮ್ಮ ಮುಪ್ಪು ಭದ್ರವಾಗಿರಬೇಕು.

ಇಪ್ಪತ್ತಕ್ಕಿಂತ ಕಡಿಮೆ ಜನರಿರುವ ಸಣ್ಣ ತೋಟಗಳೇ ಇಲ್ಲಿ ಬಹಳ. ಅಲ್ಲಿ ಪಿಎಫ್ ಕಡ್ಡಾಯವಿಲ್ಲ. ಅಂಥವರಿಗೆ 2019ರ ಶ್ರಮಯೋಗಿ ಮಾನ್‌ಧನ್ ಇದೆ. 29ರ ವಯಸ್ಸಿನವರು ತಿಂಗಳಿಗೆ 100 ಕಟ್ಟಿದರೆ ಸರ್ಕಾರ 100 ಹಾಕುತ್ತದೆ, 60ಕ್ಕೆ ತಿಂಗಳಿಗೆ 3,000 ಪಿಂಚಣಿ. ನಲವತ್ತು ದಾಟಿದವರು ಸೇರುವಂತಿಲ್ಲ. ತೋಟದಲ್ಲಿ ಬೆನ್ನು ಬಾಗಿದವರು ಹೆಚ್ಚಿನವರು ನಲವತ್ತು ದಾಟಿದವರೇ.

ಹಾಗಾಗಿ ಸಾಲವೋ ಉಳಿತಾಯವೋ ಎಂದು ಕಾರ್ಮಿಕರನ್ನು ಕೇಳುವುದನ್ನು ಮೊದಲು ಬಿಡಬೇಕು. ಪಿಎಫ್ ಕಟ್ಟಿದ ಮೇಲೆ ಉಳಿದದ್ದರಲ್ಲಿ ಕಂತು ಕಟ್ಟಲು ಆಗುತ್ತಿಲ್ಲವೆಂದರೆ ಕೂಲಿ ಸಾಲದು, ಇಲ್ಲವೇ ಬಡ್ಡಿ ವಿಪರೀತ. ಎರಡನ್ನೂ ಸರಿಪಡಿಸುವ ಶಕ್ತಿ ಇರುವವರು ಬೇರೆಯೇ ಇದ್ದಾರೆ. ಅವರು ಮುಟ್ಟದೆ ಬಿಟ್ಟ ಲೆಕ್ಕವನ್ನು ಹಣ್ಣು ಕುಯ್ಯುವ ಹೆಂಗಸಿನ ಮುಪ್ಪಿನಿಂದ ಸರಿತೂಗಿಸುವುದು ನಿಲ್ಲಲಿ.